ಗೋಣಿ ಮೇಲಿನ ಹೆಸರು

"ಥೂ! ನಿಮ್ಮ ಬ್ಯಾಚುಲರ್‌ಗಳ ಹೊಲಸು ನಮ್ಮ ಅಡುಗೆಮನೆಗೇ ಬಂತಲ್ಲ!"

ಶಂಸುನ್ನಿಸಾ ಮೂಗಿಗೆ ದುಪಟ್ಟಾ ಒತ್ತಿಕೊಂಡು ಗೋಡೆಯ ಬಿರುಕಿನಲ್ಲಿ ಕೂಗಿದಳು. ಆಚೆ ಸೊಂಟದವರೆಗೆ ಚರಂಡಿಗಿಳಿದಿದ್ದ ಅತೀಕುರ್ರಹ್ಮಾನ್ ತಲೆಯೆತ್ತಿದ. ಭಟ್ಕಳದವನು, ಪೈಪ್ ಕೆಲಸದವನು.

"ನಾವು ಎಂತ ಮಾಡಿದ್ದು ಮಾರಾಯ್ತಿ?"

ಅಬ್ಬಾ, ಎದುರು ಮಾತು ಬೇರೆ!

ಸೌದಿಯ ಜಿದ್ದಾ ನಗರದ ಶರಫಿಯಾ ಬಡಾವಣೆಯಲ್ಲಿ ಆ ತಗ್ಗಿನ ಓಣಿಯನ್ನು ಗೋಡೆಯೊಂದು ಎರಡು ಮಾಡಿತ್ತು. ಈಚೆ ಸಂಸಾರಸ್ಥರು, ಆಚೆ ಒಂಟಿ ಗಂಡಸರು. ಗೋಡೆ ಇರಲೇಬೇಕೆಂದು ಹಟ ಹಿಡಿದವರಲ್ಲಿ ಅವಳ ತಂದೆ ಮೂಸಾ ಮೊದಲಿಗರು. ೧೯೮೧ರ ಮೊದಲ ಮಳೆಗೇ ಹುಳ ತೇಲುವ ನೀರು ಮನೆಗೆ ನುಗ್ಗಿ, ತಾಯಿ ಖತೀಜಮ್ಮ ವಾಂತಿ ಮಾಡಿ ಹಾಸಿಗೆ ಹಿಡಿದಿದ್ದರು. ಇನ್ನೊಂದು ಮಳೆ ಬಂದರೆ ಉಮ್ಮ ಉಳಿಯುತ್ತಾರಾ?

ಅತೀಕ್ ಗೋಣಿಯೊಂದನ್ನು ಎಳೆದ. ಕೊಳೆತ ಕುರಿಯ ಕರುಳು!

"ಬಕ್ರೀದ್‌ದು, ನಿಮ್ಮ ಕಡೆಯವರು ಎಸೆದದ್ದು. ಗೋಡೆಯಾಚೆ ಎಸೆದ್ರಾಯ್ತು, ಬ್ಯಾಚುಲರ್‌ಗಳು ತಾನೆ ಇರೋದು ಅಂತ! ಚರಂಡಿ ಕಟ್ಟಿದ್ದು ಇದ್ರಿಂದಲೇ, ಹನ್ನೊಂದು ಗೋಣಿ ತೆಗ್ದೆ."

"ಸುಳ್ಳು!"

ಅವನು ಗೋಣಿ ತಿರುಗಿಸಿದ. ಕಪ್ಪು ಬಣ್ಣದಲ್ಲಿ ಕನ್ನಡ ಅಕ್ಷರ: ಮೂಸಾ, ಶರಫಿಯಾ.

ಮಂಗಳೂರಿನಿಂದ ಕುಚ್ಚಲಕ್ಕಿ ತರುವಾಗ ಅವಳೇ ಬರೆದದ್ದು... ಈಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಯಾಕೆ ಹೇಳ್ಲಿಲ್ಲ ನೀವು?"

"ಗೋಡೆ ಹತ್ರ ಬಂದ್ರೇ ವೀಸಾ ಕೊಟ್ಟ ಕಫೀಲ್‌ಗೆ ದೂರು ಹೋಗ್ತದೆ. ನಮ್ಮನ್ನು ಊರಿಗೆ ಅಟ್ತಾನೆ."

"ಅದನ್ನು ಈಚೆ ಎಸೀರಿ."

"ಹುಚ್ಚಾ ನಿಮಗೆ?"

"ಎಸೀರಿ ಅಂದೆ!"

ಶುಕ್ರವಾರ ನಮಾಜು ಮುಗಿಸಿ ಬಂದ ನೆರೆಯವರ ಮುಂದೆಯೇ ಅವಳು ಆ ಗೋಣಿಯನ್ನು ತಂದೆಯ ಕಾಲ ಬಳಿ ಇಟ್ಟಳು.

"ಬಾಪಾ, ಓದಿ. ಉಮ್ಮನನ್ನು ಮಲಗಿಸಿದ್ದು ಆಚೆಯವರಲ್ಲ, ನಾವು!"

ಮೂಸಾ ಓದಿದರು. ಎಲ್ಲರೂ ಮೂಗು ಮುಚ್ಚಿಕೊಂಡರು, ಅವರೊಬ್ಬರು ಮುಚ್ಚಿಕೊಳ್ಳಲಿಲ್ಲ. ಸಂಜೆ ಗೋಡೆಗೆ ಮೊದಲ ಹಾರೆ ಹಾಕಿದ್ದೂ ಅವರೇ.

ಮೂರು ಶುಕ್ರವಾರ ಎರಡೂ ಕಡೆಯವರು ಸೇರಿ ಹೂಳೆತ್ತಿದರು. ಹೆಂಗಸರು ಎಲ್ಲರಿಗೂ ತುಪ್ಪದ ನೈಚೋರು ಅನ್ನ ಬೇಯಿಸಿದರು. ಮುಂದಿನ ಮಳೆ ಸುರಿದಾಗ ನೀರು ಸದ್ದು ಮಾಡುತ್ತಾ ಹರಿದುಹೋಯಿತು. ಖತೀಜಮ್ಮ ಎದ್ದು ಕೂತು ಗಂಜಿ ಕೇಳಿದರು!

ಅತೀಕ್ ಚರಂಡಿ ನೋಡುವ ನೆಪದಲ್ಲಿ ಅಡುಗೆಮನೆ ಕಿಟಕಿಯ ಬಳಿ ನಿಂತ.

"ಈಗ ಬೈಯೋದಿಲ್ವಾ? ದಿನಾ ಕೇಳಿ ಅಭ್ಯಾಸ ಆಗಿದೆ... ಕೇಳದಿದ್ರೆ ಕೆಲಸವೇ ಹತ್ತೋದಿಲ್ಲ."

ಶಂಸು ಮೂಗಿಗೆ ದುಪಟ್ಟಾ ಒತ್ತಿ ನಗು ತಡೆದಳು. "ದಿನಾ ಬೈಸ್ಕೊಳ್ಬೇಕಿದ್ರೆ ಬಾಪನ ಹತ್ರ ಬಂದು ಕೇಳಿ. ಆದ್ರೆ ಮೊದಲು ಸ್ನಾನ!"

"ಮೂರು ಸಲ ಆಯ್ತು. ಇನ್ನೂ ನಾರ್ತೇನಾ?"

"ಹೂಂ..."

"ಹಾಗಾದ್ರೆ ಅತ್ತರು ಹಚ್ಕೊಂಡು ನಾಳೆ ಬರ್ಲಾ?"

ಈ ಬಾರಿ ಅವಳು ಮೂಗಿನ ಮೇಲಿಂದ ದುಪಟ್ಟಾ ಸರಿಸಿದಳು.

"ನಾರಿದ್ರೂ ಅಡ್ಡಿಲ್ಲ... ಇವತ್ತೇ ಬನ್ನಿ."