ಎಡಕ್ಕೆ ವಾಲಿದ ಹೊಲಿಗೆ

ಅವಳು ಕತ್ತರಿಸಿಯೇ ಬಿಟ್ಟಳು.

ಕೇಳಲಿಲ್ಲ, ಹೇಳಲಿಲ್ಲ. ಉದ್ದನೆಯ ಹಗ್ಗವನ್ನು ಮೇಜಿನ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ, ಎರಡು ಬೆರಳುಗಳ ನಡುವೆ ಇಂಚಿಂಚೇ ಸರಿಸುತ್ತಿದ್ದವಳು ಒಂದು ಕಡೆ ನಿಂತಳು. ಹಿಂದೆ ಹೋದಳು, ಮತ್ತೆ ಅಲ್ಲಿಗೇ ಬಂದಳು. ಆಮೇಲೆ ಕಾದ ಬ್ಲೇಡನ್ನು ಇಟ್ಟು ಒತ್ತಿದಳು. ಸುಟ್ಟ ನೈಲಾನಿನ ವಾಸನೆ ಎದ್ದಿತು. ಹಗ್ಗ ಎರಡಾಯಿತು.

ಹಗ್ಗದಂಗಡಿಯ ಕೌಂಟರಿನ ಈಚೆ ನಿಂತಿದ್ದ ಉಡ ಮೇಜಿನ ಮೇಲಕ್ಕೆ ಬಾಗಿದ. ಹಿಡಿದ ಕೊಂಬೆಯನ್ನು ಬಿಡುವವನಲ್ಲ ಎಂದು ಜೊತೆಯವರು ಇಟ್ಟ ಹೆಸರು ಅದು. ಹದಿನಾಲ್ಕಕ್ಕೆ ಶಾಲೆ ಬಿಡಿಸಿ ಭಾವ ಅವನನ್ನು ಮರ ಕಡಿಯಲು ಹತ್ತಿಸಿದ್ದ. ಈಗ ಇಪ್ಪತ್ಮೂರು. ಅಕ್ಕನ ಮನೆಯ ಊಟ, ಭಾವನ ಲಾರಿ, ಭಾವ ತೋರಿಸಿದ ಮರ. ಅಷ್ಟೇ ಅವನ ಪ್ರಪಂಚ.

"ಏನ್ರೀ ಇದು? ತುದಿಯ ಕಣ್ಣಿನ ಕುಣಿಕೆ ಸವೆದಿದೆ, ಹೊಸದು ಹಾಕಿಕೊಡಿ ಅಂದ್ರೆ ಹಗ್ಗಾನೇ ಕತ್ತರಿಸೋದಾ?"

"ಹಗ್ಗ ಸತ್ತಿದೆ."

"ಚೆನ್ನಾಗೇ ಇತ್ತಲ್ಲ."

"ಮೇಲಿನ ಹೆಣಿಗೆ ಚೆನ್ನಾಗಿದೆ. ಒಳಗಿನ ತಿರುಳು ಹರಿದಿದೆ." ಅವನ ತೋರುಬೆರಳನ್ನು ಹಿಡಿದು ಕತ್ತರಿಸಿದ ಜಾಗದ ಪಕ್ಕದಲ್ಲಿ ಒತ್ತಿಸಿದಳು. "ಕೊಳೆತ ಬಾಳೆಹಣ್ಣು ಮುಟ್ಟಿದ ಹಾಗಿಲ್ವಾ?"

ಇತ್ತು. ಅವಳ ಬೆರಳ ತುದಿ ಮಾತ್ರ ಮರಳುಕಾಗದದಷ್ಟು ಒರಟು.

"ಇದರಲ್ಲಿ ದಿಮ್ಮಿ ಇಳಿಸಿದ್ದೀರ," ಎಂದಳು.

"ಇಲ್ಲ. ದಿಮ್ಮಿಗೆ ಬೇರೆ ದಪ್ಪ ಹಗ್ಗ ಇದೆ, ಜಗ್ಗಿದ್ರೆ ಹಿಗ್ಗೋದು. ಇದರಲ್ಲಿ ನಾನು ಮಾತ್ರ ಹತ್ತೋದು."

"ಹಾಗಾದ್ರೆ ನಿಮಗೆ ಗೊತ್ತಾಗದ ಹಾಗೆ ಯಾರೋ ಇಳಿಸಿದ್ದಾರೆ."

ಮಾತಾಡುತ್ತಲೇ ಉಳಿದ ಹಗ್ಗವನ್ನೂ ಮೊಳಮೊಳ ಕತ್ತರಿಸತೊಡಗಿದಳು.

"ಇನ್ನೂ ಯಾಕೆ?"

"ಉದ್ದ ಉಳಿದ್ರೆ ಯಾರಾದ್ರೂ ಮತ್ತೆ ಹತ್ತುತ್ತಾರೆ. ಯಾರಾದ್ರೂ ಏನು, ನೀವೇ ಹತ್ತುತ್ತೀರ."

ಅವನಿಗೆ ಮೈಯೆಲ್ಲ ಉರಿಯಿತು, ಯಾಕೆಂದರೆ ಅವಳ ಮಾತು ನಿಜ. ನಾಳೆ ಬೆಳಿಗ್ಗೆ ಶಾಲೆಯ ಹಿಂದಿನ ಒಣಮರ ಉರುಳಿಸಬೇಕಿತ್ತು. ಹೊರಗೆ ಲಾರಿಯ ಹಾರ್ನ್ ಬಡಿದುಕೊಂಡಿತು. ಭಾವ ಕರೆಯುವುದು ಹಾಗೆಯೇ, ಊಟಕ್ಕೂ ಉಡನಿಗೆ ಹಾರ್ನೇ. ಅವನ ಕಾಲು ತಾನಾಗಿ ಬಾಗಿಲ ಕಡೆ ತಿರುಗಿತು.

ಅಷ್ಟರಲ್ಲಿ ಅವಳು ಅರ್ಧ ಮುಗಿದಿದ್ದ ಇನ್ನೊಂದು ಕೆಲಸ ಕೈಗೆತ್ತಿಕೊಂಡಳು. ಹಗ್ಗದ ತುದಿಯನ್ನು ಮಡಿಸಿ, ಅದರದೇ ಹೊಟ್ಟೆಯೊಳಗೆ ತೂರಿಸಿ ಕಣ್ಣು ಮಾಡಿಯಾಗಿತ್ತು. ಜಾರದಂತೆ ಹೊಲಿಗೆ ಹಾಕುವುದು ಬಾಕಿ. ನೀಲಿ ದಾರ. ಸೂಜಿ ಎಡಗೈಯಲ್ಲಿ.

ಉಡ ಅಲ್ಲೇ ನಿಂತ.

ಮರದ ಮೇಲೆ ಹತ್ತುವವನ ಗದ್ದದ ಕೆಳಗೇ ಇರುತ್ತದೆ ಆ ಕಣ್ಣು. ಕೆಳಗಿನಿಂದ ಗರಗಸ ಬರುವವರೆಗೆ, ಗಾಳಿ ನಿಲ್ಲುವವರೆಗೆ, ನೋಡುವುದಕ್ಕೆ ಬೇರೇನಿದೆ? ನಾಲ್ಕು ವರ್ಷದ ಹಿಂದೆ ಅದರ ಹೊಲಿಗೆ ಎಡಕ್ಕೆ ವಾಲತೊಡಗಿತ್ತು. ಹಗ್ಗದಂಗಡಿಯ ಮುದುಕನ ಕೈ ಯಾಕೋ ಬದಲಾಗಿದೆ ಅಂದುಕೊಂಡಿದ್ದ. ಕೊಂಬೆ ಓಲಾಡಿ ಜೀವ ಬಾಯಿಗೆ ಬಂದಾಗಲೆಲ್ಲ ಆ ಹೊಲಿಗೆಗಳನ್ನು ಎಣಿಸುತ್ತಿದ್ದ.

"ಹನ್ನೊಂದು ಹಾಕ್ತೀರ, ಅಲ್ವಾ?" ಎಂದ.

ಸೂಜಿ ನಿಂತಿತು. "ನಮ್ಮಪ್ಪ ಹಾಕೋದು. ನಾನು ಸುಮ್ಮನೆ ಮುಗಿಸಿಕೊಡ್ತೀನಿ."

"ನಿಮ್ಮಪ್ಪ ಎಡಗೈಯವರಾ?"

ಅವಳು ತಲೆ ಎತ್ತಿದಳು. ಮೊದಲು ಸಿಟ್ಟು, ಅದರ ಹಿಂದೆಯೇ ಹೆದರಿಕೆ, ಆಮೇಲೆ ತಡೆದರೂ ತಡೆಯದ ಒಂದು ನಗು, ಎಲ್ಲವೂ ಒಂದೇ ಮುಖದಲ್ಲಿ ಹಾದುಹೋದವು.

"ಮೆಲ್ಲಗೆ," ಎಂದು ಒಳಕೋಣೆಯ ಪರದೆಯ ಕಡೆ ಕಣ್ಣು ಹಾಯಿಸಿದಳು. "ಅಪ್ಪನ ಕೈ ನಡುಗುತ್ತೆ. ಹುಡುಗಿ ಹೆಣೆದ ಹಗ್ಗಕ್ಕೆ ಯಾರು ಜೀವ ನೇತುಹಾಕ್ತಾರೆ ಅಂತಾರೆ."

"ನಾನು ಹಾಕಿದ್ದೀನಿ. ನಾಲ್ಕು ವರ್ಷ."

ಅವಳ ಕಿವಿ ಕೆಂಪಾಯಿತು. ಬೆರಳೆತ್ತಿ ಮೇಲೆ ತೋರಿಸಿದಳು. ಕಿಟಕಿಯಿಲ್ಲದ ಆ ಕೋಣೆಯ ಜಂತೆಯಲ್ಲಿ ಒಂದು ರಾಟೆ, ಅದರ ಪಕ್ಕ ಅಂಗೈಯಗಲದ ಗಾಳಿಕಿಂಡಿ. "ಪ್ರತಿ ಕಣ್ಣಿಗೂ ಮೊದಲು ನಾನೇ ಜೋತು ಬೀಳೋದು. ಮಾಡಿದವರು ತಾವೇ ತೂಗಿ ನೋಡದೆ ಕೊಡಬಾರದು."

"ಎಷ್ಟು ಎತ್ತರ?"

"ನೆಲದಿಂದ ಎರಡು ಅಡಿ. ನೀವೆಲ್ಲ ಆಕಾಶಕ್ಕೆ ಹೋಗ್ತೀರ. ನಾನು ಎರಡು ಅಡಿಗೆ ಹೋಗಿ ವಾಪಸ್ ಬರ್ತೀನಿ."

ಹಾರ್ನ್ ಮತ್ತೆ ಅರಚಿತು. ಆಮೇಲೆ ಭಾವನೇ ಒಳಗೆ ಬಂದ. ಮೇಜಿನ ಮೇಲಿನ ತುಂಡುಗಳನ್ನು ಕಂಡವನೇ ಕಿಡಿಯಾದ.

"ಯಾರು ಕತ್ತರಿಸಿದ್ದು ಇದನ್ನ?"

ಪರದೆ ಸರಿಸಿ ಮುದುಕ ಬಂದ. ಎರಡೂ ಕೈ ಜೇಬಿನಲ್ಲಿ. "ನಾನೇ ಸ್ವಾಮಿ. ಅಂದಾಜು ತಪ್ಪಿತೇನೋ. ಹಳೇದೊಂದಿದೆ, ಕೊಡ್ತೀನಿ, ನಾಳೆಗೆ ಹೊಂದಿಸಿಕೊಳ್ಳಿ."

ಉಡ ಅವಳನ್ನೇ ನೋಡುತ್ತಿದ್ದ. ಅವಳ ಎಡಗೈ ಸೂಜಿಯ ಸುತ್ತ ಮುಷ್ಟಿಯಾಯಿತು.

"ಅಪ್ಪ ಕತ್ತರಿಸಿಲ್ಲ," ಎಂದಳು. "ನಾನು. ಅಂದಾಜೂ ತಪ್ಪಿಲ್ಲ. ನಿಮ್ಮ ಲಾರಿಯಲ್ಲಿರೋ ಹಗ್ಗಗಳ ಕಣ್ಣೆಲ್ಲ ನಾನೇ ಮಾಡಿದ್ದು."

"ಹೌದಾ?" ಭಾವ ನಕ್ಕ. "ಹಾಗಾದ್ರೆ ಅವನ್ನೂ ತಿಪ್ಪೆಗೆ ಹಾಕಬೇಕಾಯ್ತು. ನಡಿಯೋ, ಬೇರೆ ಅಂಗಡಿ ನೋಡೋಣ."

ಮುದುಕನ ಮುಖ ಬಿಳಿಚಿಕೊಂಡಿತು. ಉಡ ಕದಲಲಿಲ್ಲ.

"ಭಾವ, ನನಗೆ ಜ್ವರ ಬಂದಿದ್ದ ದಿನ ಲಾರಿಯಿಂದ ದಿಮ್ಮಿ ಇಳಿಸಿದ್ರಲ್ಲ. ಯಾವ ಹಗ್ಗದಲ್ಲಿ?"

ಭಾವ ಗೋಡೆ ನೋಡಿದ. "ಒಂದೇ ಒಂದು ಸಲ. ದಪ್ಪಂದು ಒದ್ದೆಯಾಗಿತ್ತು."

"ಆಮೇಲೆ ಮೂರು ವಾರ ನಾನು ಅದರಲ್ಲೇ ಹತ್ತಿದ್ದೀನಿ. ಕೆಳಗೆ ನಿಂತು ನೋಡ್ತಿದ್ರಿ."

"ಒಂಬತ್ತು ವರ್ಷ ಸಾಕಿದವನಿಗೆ ಎದುರು ಮಾತಾಡ್ತೀಯಾ?"

"ಸಾಕಿದ್ರಿ. ಕಟ್ಟಿಹಾಕಿ." ಉಡನ ದನಿ ಏರಲಿಲ್ಲ, ಹಲ್ಲು ಮಾತ್ರ ಕಚ್ಚಿಕೊಂಡಿದ್ದವು. "ನಾಳೆ ಆ ಮರ ನೀವೇ ಹತ್ತಿ."

ಏಣಿಯ ಮೂರನೇ ಮೆಟ್ಟಿಲಿಗೇ ತಲೆಸುತ್ತು ಬರುವ ಮನುಷ್ಯ ಭಾವ. ಇಷ್ಟು ವರ್ಷ ಉಡನಿಗೆ ಹೊಳೆಯದೇ ಹೋದದ್ದು ಅದೊಂದೇ: ಕಟ್ಟಿದ ಹಗ್ಗಕ್ಕೆ ಎರಡು ತುದಿ, ಇನ್ನೊಂದರಲ್ಲಿ ಭಾವನೇ ನೇತಾಡುತ್ತಿದ್ದ.

"ಏನು ಬೇಕೀಗ ನಿನಗೆ?"

"ಹೊಸ ಹಗ್ಗ. ಇವರೇ ಮಾಡಿದ್ದು. ನೀವೇ ಇವರನ್ನ ಕೇಳಬೇಕು. ಇವರಪ್ಪನನ್ನಲ್ಲ."

ಭಾವ ಮುದುಕನ ಕಡೆ ನೋಡಿದ, ಉಡನ ಕಡೆ ನೋಡಿದ. ಕೊನೆಗೆ ಅವಳ ಕಡೆ. "ಒಂದು ಹಗ್ಗ... ನಾಳೆಗೆ ಆಗುತ್ತೇನಮ್ಮ?"

"ಸಂಜೆಗೇ ಆಗುತ್ತೆ," ಎಂದಳು. "ಹೊರಗೆ ಕಾಯಿರಿ."

ಮಧ್ಯಾಹ್ನವಿಡೀ ಹಗ್ಗದ ಒಂದು ತುದಿ ಅವಳ ಕೈಯಲ್ಲಿ, ಒಂದು ತುದಿ ಅವನ ಕೈಯಲ್ಲಿ. "ಬಿಗಿಯಾಗಿ," ಎನ್ನುತ್ತಿದ್ದಳು. "ಅಷ್ಟೊಂದಲ್ಲ, ನನ್ನನ್ನೂ ಎಳ್ಕೊಂಡುಬಿಡ್ತೀರ." ಮುದುಕ ಮೂಲೆಯಲ್ಲಿ ಕೂತು, ನಡುಗುವ ಕೈಯನ್ನು ಇನ್ನು ಜೇಬಿಗೆ ಬಚ್ಚಿಡದೆ, ಮಗಳಿಗೆ ದಾರ ಕತ್ತರಿಸಿಕೊಟ್ಟ. ಹನ್ನೊಂದು ಹೊಲಿಗೆ. ಎಲ್ಲವೂ ಎಡಕ್ಕೆ.

ಅವಳು ಬೆಲ್ಟ್ ಕಟ್ಟಿಕೊಂಡಳು, ಕಣ್ಣನ್ನು ಸಿಕ್ಕಿಸಿಕೊಂಡಳು. ರಾಟೆಯಿಂದ ಇಳಿದ ತುದಿ ಹಿಡಿದು ಉಡ ಎಳೆದ. ಎರಡು ಅಡಿ.

"ಸಾಕು," ಎಂದಳು ಅಭ್ಯಾಸದಿಂದ.

ಅವನು ನಿಲ್ಲಿಸಲಿಲ್ಲ. ನಾಲ್ಕು. ಆರು. ಅವಳು ಕಣ್ಣು ಮುಚ್ಚಿ, ಗದ್ದದ ಕೆಳಗಿನ ಹೊಲಿಗೆಗಳ ಮೇಲೆ ಬೆರಳಿಟ್ಟಳು. ಎಣಿಸುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು. ಗಾಳಿಕಿಂಡಿಯ ಬೆಳಕು ಅವಳ ಹಣೆಗೆ ಬಿತ್ತು, ಆಮೇಲೆ ಕಣ್ಣಿಗೆ.

"ಏನು ಕಾಣುತ್ತೆ?"

ಅವಳು ಕಣ್ಣು ತೆರೆದು ಕಿಂಡಿಗೆ ಮುಖ ಒತ್ತಿದಳು.

"ಶಾಲೆ ಹಿಂದಿನ ಮರ. ನಾಳೆ ನೀನು ಅಲ್ಲಿರ್ತೀಯ." ನೀನು ಅಂದದ್ದು ಅವಳಿಗೇ ಗೊತ್ತಾದಂತಿರಲಿಲ್ಲ. "ಇಲ್ಲಿಂದ ನಿನ್ನ ನೋಡಬಹುದು."

"ಯಾರು ಎಳೀತಾರೆ ನಿನ್ನ, ನಾನು ಅಲ್ಲಿದ್ರೆ?"

"ಅದಕ್ಕೇ ಇಳಿದು ಬೇಗ ಬಾ."

ಹೊರಗೆ ಹಾರ್ನ್ ಕೂಗಿತು. ಅವಳ ಪೂರ್ತಿ ಭಾರ ಅವನ ಅಂಗೈಯಲ್ಲಿತ್ತು.

"ಹೋಗ್ಬೇಕಾ?" ಎಂದು ಮೇಲಿನಿಂದ ಕೇಳಿದಳು.

"ಕೂಗ್ಲಿ," ಎಂದ ಉಡ, ಹಗ್ಗವನ್ನು ಮೊಣಕೈಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತ.