ನಿಂತುಹೋದ ನಾಲ್ಕು ಡಿಗ್ರಿ

ಯಜಮಾನ ಬಕ್ಕೇಶಪ್ಪನವರು ತನ್ನನ್ನು ಬೈದದ್ದಕ್ಕಿಂತ, ಅವರು ಬೈಯುವಾಗ ಭವ್ಯಾ ತಲೆ ತಗ್ಗಿಸಿ ನಿಂತಿದ್ದಳಲ್ಲ, ಅದು ಅಂಜನಕುಮಾರನನ್ನು ಹೆಚ್ಚು ಉರಿಸಿತು. ಕುಕ್ಕುವಾಡದಿಂದ ದಿನಾ ಬಸ್ಸಿನಲ್ಲಿ ಬರುವ, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿಗೆ ತನ್ನ ಮೇಲೆ ಕನಿಕರ!

ಬಕ್ಕೇಶಪ್ಪನವರ ಕಚೇರಿ ಕರೂರು ಕೈಗಾರಿಕಾ ಪ್ರದೇಶದಲ್ಲಿತ್ತು, ಕೋಲ್ಡ್ ಸ್ಟೋರೇಜ್ ಹರಿಹರದಲ್ಲಿ. ಲಸಿಕೆ, ಇನ್ಸುಲಿನ್ ಅಲ್ಲಿಂದ ಆಸ್ಪತ್ರೆಗಳಿಗೆ ಹೋಗುತ್ತಿದ್ದವು. ಅಲ್ಲಿನ ಉಷ್ಣಾಂಶವನ್ನು ಕಚೇರಿಯಲ್ಲೇ ಕುಳಿತು ನೋಡುವ ವೆಬ್ ಆ್ಯಪ್ ಬರೆದವನು ಅಂಜನಕುಮಾರ. ಒಮ್ಮೆ ಸೆನ್ಸರ್ ಕೆಟ್ಟು, ಸಂಖ್ಯೆಯ ಬದಲು ಖಾಲಿ ಉತ್ತರ ಬಂತು. ಒಳಗೆ ಬಿಸಿ ಏರುತ್ತಿದ್ದರೂ ಅವನ ಆ್ಯಪ್ ಅದನ್ನೇ ಸೊನ್ನೆ ಡಿಗ್ರಿ ಎಂದು ತೋರಿಸಿತು. ಸಮಯಕ್ಕೆ ಸರಿಯಾಗಿ ಅನುಮಾನಪಟ್ಟವಳು ಭವ್ಯಾ.

"ನಿಮ್ ಕೋಡ್ ನಂಬ್ಕೊಂಡು ಕುಂತಿದ್ರೆ ಮಕ್ಳಿಗೆ ಕೆಟ್ಟ ಲಸಿಕೆ ಹೋಗ್ತಿತ್ತಲ್ರಿ!" ಎಂದರು ಬಕ್ಕೇಶಪ್ಪ, ಎಲ್ಲರೆದುರು. "ಇನ್ಮ್ಯಾಲೆ ಭವ್ಯಾ ಹೇಳ್ದಂಗೆ ಮಾಡ್ರಿ, ಸಾಕು."

ಅವಳು ಆ್ಯಪನ್ನು ಹೊಸದಾಗಿ ಬರೆದಳು. ಸರ್ವರ್‌ನಿಂದ ಏನು ಬರಬೇಕು, ಯಾವ ರೂಪದಲ್ಲಿ ಬರಬೇಕು ಎಂಬುದನ್ನೆಲ್ಲ ಮೊದಲೇ ಗೊತ್ತುಮಾಡಿದಳು. ಉಷ್ಣಾಂಶವೆಂದರೆ ಸಂಖ್ಯೆಯೇ ಆಗಿರಬೇಕು. ಬೇರೇನು ಬಂದರೂ ಬಾಗಿಲಲ್ಲೇ ತಡೆ ಬಿದ್ದು ಪರದೆ ಕೆಂಪಾಗುತ್ತಿತ್ತು. "ಸುಳ್ಳು ನುಸುಳಾಕೇ ಆಗಂಗಿಲ್ಲ" ಎಂದು ಬಕ್ಕೇಶಪ್ಪ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು.

ಅಂಜನಕುಮಾರ ಒಳಗೊಳಗೇ ನಕ್ಕ. ರೂಪ ಸರಿಯಿರುವ ಸುಳ್ಳನ್ನು ತಡೆಯುವವರು ಯಾರು? ಹಳೆಯ ಸಂಖ್ಯೆಯೂ ಸಂಖ್ಯೆಯೇ. ಒಮ್ಮೆ ತಂದ ಮಾಹಿತಿಯನ್ನು ಆ್ಯಪ್ ನೆನಪಿನಲ್ಲಿಟ್ಟುಕೊಂಡು, ಆಗಾಗ ಸರ್ವರನ್ನು ಮತ್ತೆ ಕೇಳಿ ಹೊಸದು ಮಾಡಿಕೊಳ್ಳುತ್ತದೆ. ಯಾವಾಗ ಕೇಳಬೇಕೆಂದು ಹೇಳುವುದು ಒಂದೇ ಒಂದು ಸಾಲು. ಆ ಸಾಲಿನಲ್ಲಿ 'ಎಂದೂ ಕೇಳಬೇಡ' ಎಂದು ಬರೆದರೆ ಮುಗಿಯಿತು. ಬೆಳಿಗ್ಗೆ ಆ್ಯಪ್ ತೆರೆದಾಗ ಬಂದ ನಾಲ್ಕು ಡಿಗ್ರಿ, ಹರಿಹರದಲ್ಲಿ ಎಲ್ಲ ಬೆಂದುಹೋದರೂ ನಾಲ್ಕೇ ಡಿಗ್ರಿ.

ಭವ್ಯಾ ಊಟಕ್ಕೆ ಎದ್ದಾಗ ಅವಳ ಲ್ಯಾಪ್‌ಟಾಪ್ ತೆರೆದೇ ಇತ್ತು. ಸಾಲು ತಿದ್ದಿದ, ಅವಳ ಹೆಸರಿನಲ್ಲೇ ಸರ್ವರ್‌ಗೆ ಏರಿಸಿದ. ಸಂಜೆ ತನ್ನ ಫೋನಿನಲ್ಲಿ ಅದೇ ಆ್ಯಪ್ ತೆರೆದು ಡ್ಯೂಟಿ ಪುಟ ನೋಡಿದ. ನಾಳೆ ಇಡೀ ದಿನ ಕಚೇರಿಯ ಪರದೆಯ ಮುಂದೆ ಭವ್ಯಾ. ಅವನಿಗೆ ರಜೆ.

ಮುಂದಿನದು ಸಲೀಸು. ಹರಿಹರಕ್ಕೆ ಹೋಗಿ ಕೋಣೆಯನ್ನು ತಣ್ಣಗಿಡುವ ಕಂಪ್ರೆಸರ್ ಆರಿಸುವುದು. ಅವಳು ತನ್ನದೇ ಕೋಡಿನ ನಾಲ್ಕು ಡಿಗ್ರಿ ನೋಡುತ್ತ ಕೂತಿರುತ್ತಾಳೆ. ಮರುದಿನ ಏನೋ ನೆಪ ಮಾಡಿಕೊಂಡು ಹೋಗಿ, ಮಾಲು ಕೆಟ್ಟದ್ದನ್ನು ಕಂಡುಹಿಡಿಯುವವನೂ ತಾನೇ. ಅಷ್ಟರೊಳಗೆ ಒಂದು ಪೆಟ್ಟಿಗೆ ಆಸ್ಪತ್ರೆಗೆ ಹೋಗಿಬಿಟ್ಟರೆ? ಆ ಯೋಚನೆ ಬಂತು. ಬಂದಷ್ಟೇ ಬೇಗ ಅದನ್ನು ಅದುಮಿದ.

ಮಾರನೆಯ ದಿನ ಹರಿಹರದ ಬಸ್ಸಿನಲ್ಲಿ, ಫೋನಿನಲ್ಲಿ ತೆರೆದೇ ಇಟ್ಟಿದ್ದ ಆ್ಯಪನ್ನು ಮತ್ತೊಮ್ಮೆ ನೋಡಿದ. ಭವ್ಯಾ, ಕಚೇರಿ. ನೆಮ್ಮದಿಯಾಯಿತು.

ಕಾವಲುಗಾರ ಕೆಂಚಣ್ಣ ಎಂದಿನಂತೆ ಮಧ್ಯಾಹ್ನದ ಚಹಾಕ್ಕೆ ರಸ್ತೆಯಾಚೆ ಹೋಗುವವರೆಗೆ ಅಂಜನಕುಮಾರ ಬೇವಿನ ಮರದ ಕೆಳಗೆ ಕಾದ. ಆಮೇಲೆ ಒಳಗೆ ನಡೆದ. ತಣ್ಣನೆಯ ಕೋಣೆಯ ಬಾಗಿಲ ಪಕ್ಕದಲ್ಲೇ ಸ್ವಿಚ್ಚು. ಕೆಳಕ್ಕೆ ಎಳೆದ. ಯಂತ್ರದ ಗುಂಯ್‌ಗುಡುವ ಸದ್ದು ನಿಂತಿತು.

ಬಾಗಿಲು ತೆರೆಯಿತು. ದಪ್ಪ ಜಾಕೆಟ್ ತೊಟ್ಟು ಭವ್ಯಾ ಹೊರಬಂದಳು.

"ಕರೆಂಟ್ ಹೋತಾ—" ಅವಳ ಕಣ್ಣು ಸ್ವಿಚ್ಚಿನ ಮೇಲಿದ್ದ ಅವನ ಕೈಯ ಮೇಲೆ ನಿಂತಿತು.

"ನೀನು... ಕಚೇರೀಲಿ ಇರ್ಬೇಕಿತ್ತಲ್ಲ?"

"ಮಾಲು ತಪಾಸಣೆ ಐತೆ ಅಂತ ಯಜಮಾನ್ರು ಬೆಳಿಗ್ಗೆನೇ ಡ್ಯೂಟಿ ಬದ್ಲಾಯ್ಸಿದ್ರು ಸಾರ್. ಅವ್ರೂ ಒಳಗೇ ಅದಾರೆ." ಅವಳು ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು. "ಆ್ಯಪ್‌ನಾಗೆ ಹಾಕಿದ್ವಲ್ಲ, ನಿಮಗೆ ಬರ್ಲಿಲ್ವಾ?"

ಒಳಗಿನಿಂದ ಬಕ್ಕೇಶಪ್ಪನವರ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು. ಅಂಜನಕುಮಾರ ಫೋನ್ ತೆಗೆದು ನೋಡಿದ. ಭವ್ಯಾ, ಕಚೇರಿ ಎಂದೇ ಇತ್ತು, ನಿನ್ನೆ ಸಂಜೆ ಇದ್ದ ಹಾಗೆ. ಅವನು ತಿದ್ದಿದ ಆ ಸಾಲು ಉಷ್ಣಾಂಶದ ಪುಟಕ್ಕೆ ಮಾತ್ರ ಸೇರಿದ್ದಾಗಿರಲಿಲ್ಲ, ಇಡೀ ಆ್ಯಪಿಗೆ ಸೇರಿದ್ದಾಗಿತ್ತು.