ಗೇಣುದ್ದದ ಸಮುದ್ರತಳ

ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿಗೆ ಭೂವಿಜ್ಞಾನ ಸಂಸ್ಥೆಯ ನಿರ್ದೇಶಕರು ಠಾಣೆಗೆ ಬಂದು ಕಳವಿನ ದೂರು ಕೊಟ್ಟರು. ಕಳುವಾದದ್ದು ಗೇಣುದ್ದದ ಕಲ್ಲು ಎಂದಾಗ ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು.

“ಕಲ್ಲಾ?”

“ಬರೀ ಕಲ್ಲಲ್ಲ ಇನ್ಸ್‌ಪೆಕ್ಟ್ರೇ. ಸಮುದ್ರದ ತಳದಲ್ಲಿ ಒಂದು ಭೂಫಲಕ ಇನ್ನೊಂದರ ಕೆಳಗೆ ನುಗ್ಗುತ್ತೆ. ಎರಡೂ ಉಜ್ಜಿಕೊಳ್ಳೋ ಜಾಗದಿಂದಲೇ ಹಡಗಿನವರು ಕೊರೆದು ತಂದದ್ದು. ದೊಡ್ಡ ಭೂಕಂಪ ಹುಟ್ಟೋದು ಅಲ್ಲೇ. ಸೋಮವಾರ ಪುಡಿಮಾಡಿ ಪರೀಕ್ಷೆ ಮಾಡಬೇಕಿತ್ತು.”

ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಇನ್ಸ್‌ಪೆಕ್ಟರ್ ಒಬ್ಬ ಕಾನ್‌ಸ್ಟೇಬಲ್ ಜೊತೆ ಸಂಸ್ಥೆಯ ಉಗ್ರಾಣ ನೋಡಿದರು. ಬೀಗ ಮುರಿದಿರಲಿಲ್ಲ. ಉದ್ದನೆಯ ಪೆಟ್ಟಿಗೆಯಲ್ಲಿ ಕಲ್ಲು ಮಾಯವಾದ ಕಡೆ ಅಷ್ಟೇ ಉದ್ದದ ಮರದ ತುಂಡು. ಅದರ ಮೇಲೆ ಎಷ್ಟು ಆಳದ ಕಲ್ಲೆಂಬ ಅಳತೆ, ಮೇಲ್ಬದಿ ತೋರಿಸುವ ಬಾಣ.

“ಕದ್ದೂ ಕದ್ದು ಅಳತೆ ಬರೆದಿಟ್ಟು ಹೋಗಿದ್ದಾನಲ್ಲ ಸಾರ್, ಎಂಥಾ ಮರ್ಯಾದಸ್ಥ ಕಳ್ಳ!” ಎಂದು ಕಾನ್‌ಸ್ಟೇಬಲ್ ನಕ್ಕ.

“ತುಂಡು ತೆಗೆದರೆ ಮರ ಇಡೋದು ನಮ್ಮ ರೂಢಿ. ಇಲ್ಲದಿದ್ರೆ ಉಳಿದ ಕಲ್ಲು ಸರಿದು ಆಳ ತಪ್ಪುತ್ತೆ,” ಎಂದರು ಜೊತೆಗಿದ್ದ ನಿರ್ದೇಶಕರು.

“ಇಡೋರು ಯಾರು?” ಇನ್ಸ್‌ಪೆಕ್ಟರ್ ಕೇಳಿದರು.

“ಕಲ್ಲು ಕೊಯ್ಯೋರು. ಒಬ್ಬರೇ ಇದ್ದಾರೆ, ಇವತ್ತು ರಜೆ.” ನಿರ್ದೇಶಕರು ತಡವರಿಸಿದರು. “ತಮ್ಮ ಅಕ್ಕನಿಗೆ ಈ ಕಲ್ಲು ಮುಟ್ಟಿಸ್ಬೇಕು ಅಂತ ಎರಡು ಸಲ ಕೇಳಿದ್ರು. ಹೊರಗಿನವರು ಮುಟ್ಟೋ ಹಾಗಿಲ್ಲ ಅಂದೆ.”

“ಅಕ್ಕ ಏನು ಮಾಡ್ತಾರೆ?”

“ಮೊದಲು ಇಲ್ಲೇ ವಿಜ್ಞಾನಿ. ಈ ಕಲ್ಲಿಗಾಗಿ ಇಪ್ಪತ್ತು ವರ್ಷ ಹಡಗು ಕೇಳಿದ್ರು. ಹಡಗು ಹೊರಡೋ ಹೊತ್ತಿಗೆ ಕಣ್ಣು ಹೋಗಿತ್ತು.”

“ಅವರು ಹೊರಗಿನವರಾ?”

ನಿರ್ದೇಶಕರು ಕಲ್ಲು ಕೊಯ್ಯುವವರ ಮನೆ ವಿಳಾಸ ಬರೆದುಕೊಟ್ಟರು.

ಮಧ್ಯಾಹ್ನ ಒಂದು ಗಂಟೆ. ಎರಡನೇ ಮಹಡಿಯ ಮನೆಯ ಬಾಗಿಲು ತೆರೆದ ಕಲ್ಲು ಕೊಯ್ಯುವವನು, ಖಾಕಿ ಕಂಡದ್ದೇ ತಲೆ ತಗ್ಗಿಸಿದ. “ನಾನೇ ಸಾರ್. ನಾಳೆ ವಾಪಸ್ ಇಡ್ತಿದ್ದೆ. ಸೋಮವಾರ ನನ್ನ ಕೈಯಾರೆ ಪುಡಿ ಮಾಡ್ಬೇಕಿತ್ತು.”

“ಯಾರೋ ಬಂದದ್ದು?” ಒಳಗಿನಿಂದ ದನಿ.

“ಆಫೀಸಿನವರು, ಅಕ್ಕ.”

“ಬನ್ನಿ, ಬನ್ನಿ!” ಕಿಟಕಿಯ ಪಕ್ಕ ಕೂತಿದ್ದ ಆಕೆಯ ಮಡಿಲಲ್ಲಿ ಟವೆಲ್, ಅದರ ಮೇಲೆ ಕಲ್ಲು. ಇನ್ಸ್‌ಪೆಕ್ಟರ್ ಹತ್ತಿರ ಹೋದದ್ದೇ ತಡ, ಆಕೆ ಅವರ ಬೆರಳು ಹಿಡಿದು ಕಲ್ಲಿನ ಮೇಲೆ ಎಳೆದರು. “ನುಣುಪು ಗೊತ್ತಾಯ್ತಾ? ಅದರೊಳಗೆ ಸಣ್ಣ ಗೀರು. ಫಲಕ ಜಾರಿದ್ದು ಇಲ್ಲೇ, ಈ ದಿಕ್ಕಿಗೇ. ನಾನು ಬರೆದದ್ದು ಸರಿಯಿತ್ತು ಕಣೋ ತಮ್ಮಾ!” ಅಳುತ್ತಲೇ ನಕ್ಕರು. “ಕಳಿಸಿಕೊಟ್ಟ ನಿರ್ದೇಶಕರಿಗೆ ಥ್ಯಾಂಕ್ಸ್ ಹೇಳಿ.”

“ಹೇಳ್ತೀನಮ್ಮ.” ಇನ್ಸ್‌ಪೆಕ್ಟರ್ ಕಲ್ಲಿನಿಂದ ಬೆರಳನ್ನು ಮೆಲ್ಲಗೆ ತೆಗೆದರು.

ಹೊರಗೆ ಮೆಟ್ಟಿಲ ಬಳಿ ಕಾನ್‌ಸ್ಟೇಬಲ್ ಕಾಗದ ತೆಗೆದ. “ಪಂಚನಾಮೆಗೆ ಪಕ್ಕದವರನ್ನ ಕರೀಲಾ ಸಾರ್? ಹತ್ತು ನಿಮಿಷದ ಕೆಲಸ.”

“ಮೊದಲು ಹೋಗಿ ಟೀ ಕುಡಿದು ಬಾ.”

“ಈಗಷ್ಟೇ ಕುಡಿದ್ವಲ್ಲ?”

“ಇನ್ನೊಂದು ಕುಡಿ. ನಿಧಾನಕ್ಕೆ ಕುಡಿ.”

ಬಂಧನದ ಸಮಯ ಎರಡು ಗಂಟೆ ಹತ್ತು ನಿಮಿಷ ಎಂದು ದಾಖಲಾಯಿತು. ಆರೋಪಿ ಒಂದು ಗಂಟೆಗೇ ಸಿಕ್ಕಿದ್ದನೆಂದು ಯಾರೂ ಬರೆಯಲಿಲ್ಲ.